ಖೋಲ್ಯಾಗ ಒಬ್ರೇ ಇದ್ದಾಗ ಜಡ್ಡಿಗಿ ಬಿದ್ರ ಹೆಂಗ ನೋಡ್ಕೋಬೇಕು

ಕಲಬುರಗಿಗಿ ಓದ್ಲಿಕ್ಕ, ಕೋಚಿಂಗಿಗಿ, ನೌಕರಿಗಿ ಅಂತ ಆಳಂದ, ಜೇವರ್ಗಿ, ಸೇಡಂ, ಚಿತ್ತಾಪುರ, ಅಫಜಲಪುರ ಕಡಿಂದ ಬಂದು ಖೋಲಿ ಹಿಡ್ಕೊಂಡು ಇರೋ ಹುಡುಗ್ರು ಹುಡುಗ್ಯಾರಿಗಿ ಅಂತನೇ ಇದು ಬರೀಲಿಕ್ಕತ್ತೀನಿ. ಮನ್ಯಾಗ ಜ್ವರ ಬಂದ್ರ ನಾವು ಹೇಳೂಕಿಂತ ಮೊದಲೇ ಅವ್ವ ಹಣಿ ಮುಟ್ಟಿ ನೋಡಿರ್ತಾಳ, ಗಂಜಿ ಒಲಿ ಮ್ಯಾಲ ಕೂತಿರ್ತದ, ಕಾಕಾ ಮೆಡಿಕಲ್ಲಿಗಿ ಹೋಗಿ ಬಂದಿರ್ತಾನ. ಇಲ್ಲಿ ಹಂಗಿಲ್ಲ. ರೂಮ್‌ಮೇಟ್ ಕ್ಲಾಸಿಗಿ ಹೋಗ್ತಾನ, ಬಾಗಲ ಮುಚ್ತದ, ಆಮ್ಯಾಲ ಸಂಜಿತನಕ ಒಂದು ಗಿಲಾಸ ನೀರು ಕೊಡೋರೂ ಇರಂಗಿಲ್ಲ. ಹೆಚ್ಚಾಗಿ ಆಗೋದು ಏನಂದ್ರ, ಎರಡು ದಿನ ಬರೇ ಚಾ ಬಿಸ್ಕೀಟ್ ಮ್ಯಾಲ ಬಿದ್ಕೊಂಡಿರ್ತಾರ, ನೀರೂ ಸರಿ ಕುಡ್ದಿರಂಗಿಲ್ಲ, ಮೂರನೇ ದಿನ ಸಂಡಾಸಕ್ಕ ಎದ್ದಾಗ ಕಣ್ಣಿಗಿ ಕತ್ತಲಿ ಬಂದು ಗ್ವಾಡಿ ಹಿಡಿತಾರ, ಅವಾಗ ಯಾರರ ಗಾಡಿ ಮ್ಯಾಲ ಕುಂದ್ರಿಸ್ಕೊಂಡು ದವಾಖಾನಿಗಿ ಒಯ್ದು ಬಾಟ್ಲಿ ಹಚ್ಚಿಸ್ತಾರ. ಜಡ್ಡಿಗಿಂತ ಆ ಎರಡು ದಿನ ನೀರು ಕೂಳಿಲ್ದೆ ಬಿದ್ದಿದ್ದೇ ಅವ್ರಿಗಿ ಜಾಸ್ತಿ ಕಾಡಿರ್ತದ. ಅದಕ ನಾ ಹೇಳೋದ್ರಾಗ ಮೊದಲಿಂದ ಕಡಿತನಕ ಒಂದೇ ಮಾತು ಬರ್ತದ, ಕುಡೀರಿ, ಸ್ವಲ್ಪ ಸ್ವಲ್ಪ ಕುಡಕೋತ ಇರ್ರಿ.

ನಮ್ಮ ಕಡಿ ಗ್ಲುಕೋಸ್ ಬಾಟ್ಲಿ ಮ್ಯಾಲ ಮಂದಿಗಿ ಭಾಳ ವಿಶ್ವಾಸ. ಸ್ವಲ್ಪ ನಿತ್ರಾಣ ಆತಂದ್ರ "ಸಾಹೇಬ್ರ, ಒಂದು ಬಾಟ್ಲಿ ಹಚ್ರಿ" ಅಂತ ಪೇಷಂಟೇ ಕೇಳ್ತಾರ. ಆದ್ರ ಅದ್ರಾಗ ಏನದ ಅಂತ ಬಾಟ್ಲಿ ಮ್ಯಾಲೇ ಬರ್ದಿರ್ತದ, ಓದ್ರಿ. ಡಿಎನ್‌ಎಸ್ ಅಂತ ಹಚ್ತಾರಲ್ಲ, ಆ 500 ಎಂಎಲ್ ಬಾಟ್ಲ್ಯಾಗ 25 ಗ್ರಾಂ ಗ್ಲುಕೋಸ್, 4.5 ಗ್ರಾಂ ಉಪ್ಪು, ಉಳಿದಿದ್ದೆಲ್ಲ ನೀರು. ಎರಡು ಬಾಳೆಹಣ್ಣು ತಿಂದ್ರ ಅದಕಿಂತ ಹೆಚ್ಚು ಶಕ್ತಿ ಸಿಗ್ತದ. ವಾಂತಿ ನಿಂದ್ರವಲ್ದು, ಕುಡ್ದಿದ್ದು ಒಳಗ ಉಳಿವಲ್ದು, ಎಚ್ಚರ ತಪ್ಪಲಿಕ್ಕತ್ತದ ಅಂದ್ರ ಆ ಬಾಟ್ಲಿ ಜೀವ ಉಳಿಸ್ತದ, ಅವಾಗ ಒಂದು ಕ್ಷಣಾನೂ ತಡಾ ಮಾಡಬಾರ್ದು. ಆದ್ರ ಬಾಯಿಲೆ ಕುಡಿಲಿಕ್ಕ ಬರ್ತದ ಅಂದ್ರ ಅದೇ ಉಪ್ಪು, ಅದೇ ಸಕ್ರಿ, ಅದೇ ನೀರು ಖೋಲ್ಯಾಗೇ ಕುಂತು ಕುಡಿಬಹುದು.

ಇದು ನನ್ನ ಮಾತಲ್ಲ. 1971ರಾಗ ಬಾಂಗ್ಲಾ ಯುದ್ಧದ ಟೈಮಿನ್ಯಾಗ ಪಶ್ಚಿಮ ಬಂಗಾಳದ ಬನಗಾಂವದಾಗ ನಿರಾಶ್ರಿತರ ಕ್ಯಾಂಪಿನ್ಯಾಗ ಕಾಲರಾ ಎದ್ದಿತ್ತು, ನೆಲದ ಮ್ಯಾಲೆಲ್ಲ ರೋಗಿಗಳು, ಸಲೈನ್ ಬಾಟ್ಲಿ ಮುಗೀಲಿಕ್ಕ ಬಂದಿದ್ದವು. ಅವಾಗ ಡಾ. ದಿಲೀಪ್ ಮಹಾಲನಾಬಿಸ್ ಅನ್ನೋರು ಉಪ್ಪು, ಗ್ಲುಕೋಸ್, ಅಡಿಗಿ ಸೋಡಾ ಕಲಸಿದ ನೀರು ಡ್ರಮ್ಮಿನ್ಯಾಗ ತುಂಬಿ, ರೋಗಿಗಳ ಸಂಗಡ ಬಂದ ಮಂದಿ ಕೈಲೇ ಲೋಟದಾಗ ಹಾಕಿ ಕುಡಿಸಿದ್ರು. ನೂರು ಮಂದ್ಯಾಗ ಸುಮಾರು 30 ಮಂದಿ ಸಾಯೋ ಜಾಗದಾಗ ಸಾವು ನಾಕರ ಒಳಗ ಇಳೀತು. ಅವರು ತೀರಿಕೊಂಡ ಮ್ಯಾಲ 2023ರಾಗ ಸರ್ಕಾರ ಪದ್ಮವಿಭೂಷಣ ಕೊಟ್ಟಿತು. ಮೆಡಿಕಲ್ಲಿನ್ಯಾಗ ಸಿಗೋ ಓಆರ್‌ಎಸ್ ಪಾಕೀಟು ಅದೇ ವಿದ್ಯಾ.

ಓಆರ್‌ಎಸ್ ಹೆಂಗ ಕುಡಿಬೇಕು

ದೊಡ್ಡ ಪಾಕೀಟು 1 ಲೀಟರ್ ನೀರಿಗಿ, ಸಣ್ಣದು 200 ಎಂಎಲ್‌ಗಿ. ಪಾಕೀಟಿನ ಮ್ಯಾಲ ಎಷ್ಟು ನೀರಂತ ಬರ್ದದ ಅಷ್ಟೇ ಹಾಕ್ರಿ, ದೊಡ್ಡ ಪಾಕೀಟು ಒಂದು ಗಿಲಾಸಿನ್ಯಾಗ ಸುರ್ಕೊಂಡು ಗಟಗಟ ಕುಡಿಬ್ಯಾಡ್ರಿ, ಉಪ್ಪು ಹೆಚ್ಚಾಗಿ ಜುಲಾಬು ಇನ್ನೂ ಜೋರಾಗ್ತದ. ಒಮ್ಮೆ ಕಲಸಿದ್ದು 24 ತಾಸಿನ್ಯಾಗ ಮುಗಿಸ್ರಿ, ಉಳಿದ್ರ ಚೆಲ್ರಿ. ತಗೊಳ್ಳುವಾಗ ಡಬ್ಲ್ಯುಎಚ್‌ಒ ಫಾರ್ಮುಲಾ ಅಂತ ಬರ್ದಿದ್ದು ನೋಡಿ ತಗೋರಿ. ಹಣ್ಣಿನ ರುಚಿ ಇರೋ ಡಬ್ಬಿ ಜ್ಯೂಸಿನ ಮ್ಯಾಲೂ ಓಆರ್‌ಎಸ್ ಅಂತ ಹೆಸರು ಹಾಕಿ ಮಾರ್ತಿದ್ರು, ಸಕ್ರಿ ಭಾಳ, ಉಪ್ಪು ಕಮ್ಮಿ. 2025ರ ಅಕ್ಟೋಬರದಾಗ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್ಎಸ್ಎಸ್ಎಐ ಅಂಥಾ ಡಬ್ಬಿ ಮ್ಯಾಲ ಆ ಹೆಸರು ಹಾಕಬಾರ್ದು ಅಂತ ಆದೇಶ ಮಾಡ್ಯದ.

ರಾತ್ರಿ 12ಕ್ಕ ಜುಲಾಬು ಹತ್ತಿದ್ರ ಮೆಡಿಕಲ್ ತೆರೆದಿರಂಗಿಲ್ಲ, ಅವಾಗ ಮನ್ಯಾಗಿಂದೇ ಮಾಡ್ಕೋರಿ. ಕುದಿಸಿ ಆರಿಸಿದ ನೀರು 1 ಲೀಟರ್, ಸಣ್ಣ ಚಾ ಚಮಚಾಲೆ ಮಟ್ಟಸ 6 ಚಮಚಾ ಸಕ್ರಿ, ಅದೇ ಚಮಚಾಲೆ ಮಟ್ಟಸ ಅರ್ಧ ಚಮಚಾ ಉಪ್ಪು. ಚಮಚಾ ತುಂಬಿ ಮ್ಯಾಲ ಗುಡ್ಡಿ ನಿಂದ್ರಬಾರ್ದು, ಬಳ್ಳಿಲೆ ಮಟ್ಟಸ ಮಾಡ್ರಿ. ನಾಲಗಿಗಿ ಹಚ್ಚಿ ನೋಡಿದ್ರ ಕಣ್ಣೀರಿಗಿಂತ ಉಪ್ಪು ಹೆಚ್ಚು ಅನಿಸಬಾರ್ದು, ಅನಿಸಿದ್ರ ಚೆಲ್ಲಿ ಮತ್ತೊಮ್ಮೆ ಮಾಡ್ರಿ. ಒಂದೊಂದು ಸರ್ತಿ ಸಂಡಾಸಕ್ಕ ಹೋಗಿ ಬಂದ ಮ್ಯಾಲ ಒಂದು ದೊಡ್ಡ ಗಿಲಾಸ. ವಾಂತಿ ಆತಂದ್ರ ಹತ್ತು ನಿಮಿಷ ಸುಮ್ಮ ಕುಂದ್ರಿ, ಆಮ್ಯಾಲ ಒಂದು ಎರಡು ನಿಮಿಷಕ್ಕ ಒಂದು ಚಮಚಾದಂಗ ಶುರು ಮಾಡ್ರಿ, ಹೊಟ್ಟಿ ಒಪ್ಪಿಕೊಂಡ್ರ ಗುಟುಕು ದೊಡ್ಡದು ಮಾಡ್ಕೋತ ಹೋಗ್ರಿ. ಬಾಯಿ ಒಣಗ್ಯದ ಅಂತ ಒಮ್ಮೆಲೇ ಒಂದು ಲೋಟ ಕುಡಿತಾರ, ಅದು ಹಂಗೇ ವಾಪಸ್ ಬರ್ತದ, ಆಮ್ಯಾಲ "ನನಗ ನೀರೇ ನಿಂದ್ರವಲ್ದು" ಅಂತ ಹೆದರಿ ಕುಡಿಯೋದೇ ಬಿಡ್ತಾರ. ಚಮಚಾ ಹಿಡಿರಿ, ನಿಂದ್ರತದ. ಕಿಡ್ನಿ ಇಲ್ಲಾ ಹಾರ್ಟಿನ ತೊಂದ್ರಿ ಇದ್ದೋರು ಮಾತ್ರ ಎಷ್ಟು ಕುಡಿಬೇಕಂತ ತಮ್ಮ ಡಾಕ್ಟರಿಗಿ ಕೇಳಿ ಕುಡೀರಿ.

ಸಾಕಷ್ಟು ಕುಡ್ದೀನೋ ಇಲ್ಲೋ ಅಂತ ತಿಳಿಯೋದು ಹೆಂಗ? ಉಚ್ಚಿ ನೋಡ್ರಿ. ತೆಳ್ಳಗ, ತಿಳಿ ಹಳದಿ ಇತ್ತಂದ್ರ ಸರಿ ಅದ. ದಟ್ಟ ಹಳದಿ, ಕಮ್ಮಿ ಕಮ್ಮಿ, ಉರ್ಕೋತ ಬಂತಂದ್ರ ನೀರು ಸಾಲವಲ್ದು. ಬೆಳಿಗ್ಗಿಂದ ಏಳೆಂಟು ತಾಸು ಬಂದೇ ಇಲ್ಲ ಅಂದ್ರ ದವಾಖಾನಿಗಿ ನಡೀರಿ.

ಜುಲಾಬು ನಿಂದ್ರಸೋ ಗುಳಿಗಿ ತಾವೇ ತಗೊಂಡು ನುಂಗಬ್ಯಾಡ್ರಿ, ಸಂಡಾಸದಾಗ ರಕ್ತ ಬಂದ್ರ ಇಲ್ಲಾ ಜ್ವರ ಇದ್ರ ಅಂತೂ ಬ್ಯಾಡೇ ಬ್ಯಾಡ. ಮತ್ತ ಕುಡಿಯೋ ನೀರಿನ ಕಡಿ ನೋಡ್ರಿ. ನಮ್ಮ ಊರಿಗಿ ನೀರು ಭೀಮಾ ನದಿಯಿಂದ, ಬೆಣ್ಣೆತೊರಾದಿಂದ ಬರ್ತದ, ನಳ ದಿನಾ ಬರಂಗಿಲ್ಲ ಅಂತ ಎಲ್ಲಾರೂ ಡ್ರಮ್ಮಿನ್ಯಾಗ ತುಂಬಿಟ್ಕೋತಾರ, ಮುಂಗಾರಿ ಮಳಿ ಹತ್ತಿದಾಗ ಪೈಪ್ ಒಡೆದಲ್ಲಿ ಗಟಾರ ನೀರು ಕೂಡೋದೂ ಅದ. ಜೂನ್ ಜುಲೈದಾಗ ಊರ ತುಂಬ ಹೊಟ್ಟಿ ಕೆಡೋದಕ್ಕ ಅದೂ ಒಂದು ಕಾರಣ. ಜಡ್ಡಾಗಿದ್ದಾಗರ ನೀರು ಬುಳುಬುಳು ಕುದಿಯೋತನಕ ಕಾಯಿಸಿ, ಒಂದು ನಿಮಿಷ ಹಂಗೇ ಕುದಿಲಿಕ್ಕ ಬಿಟ್ಟು, ಮುಚ್ಚಿ ಆರಿಸಿ ಕುಡೀರಿ.

ಚಂದಿದ್ದಾಗೇ ಒಂದು ಡಬ್ಬಿ ಮಾಡಿ ಇಟ್ಕೋರಿ

ಜ್ವರದಾಗ ಮೆಟ್ಟಿಲ ಇಳಿದು ಅಂಗಡಿಗಿ ಹೋಗೋದು ಆಗಂಗಿಲ್ಲ. ಓಆರ್‌ಎಸ್ ನಾಕೈದು ಪಾಕೀಟು, ಪ್ಯಾರಾಸಿಟಮಾಲ್ ಒಂದು ಪಟ್ಟಿ, ಡಿಜಿಟಲ್ ಥರ್ಮಾಮೀಟರ್, ಜೇನು, ಮೆಣಸು ಕಾಳು, ಜೀರಿಗಿ, ಸ್ವಲ್ಪ ಹೆಸರು ಬ್ಯಾಳಿ, ಅಕ್ಕಿ, ಜ್ವಾಳದ ಹಿಟ್ಟು, ಬೆಲ್ಲ. ಗುಳಿಗಿ ಜನೌಷಧಿ ಅಂಗಡ್ಯಾಗ ತಗೊಂಡ್ರ ರೊಕ್ಕ ಭಾಳ ಉಳಿತದ, ಔಷಧ ಅದೇ. ಇದ್ರಾಗ ಥರ್ಮಾಮೀಟರ್ ಮಾತ್ರ ಬಿಡಬ್ಯಾಡ್ರಿ. "ಮೈ ಕಾಯ್ತಾವ" ಅಂತ ಫೋನಿನ್ಯಾಗ ಹೇಳಿದ್ರ ಡಾಕ್ಟರಿಗಿ ಏನೂ ತಿಳಿಯಂಗಿಲ್ಲ, "ಮುಂಜಾನಿ 101, ರಾತ್ರಿ 103" ಅಂತ ಹೇಳಿದ್ರ ಅರ್ಧ ರೋಗ ಅಲ್ಲೇ ತಿಳಿತದ.

ಇನ್ನೊಂದು, ಇದು ಡಬ್ಬ್ಯಾಗ ಹಿಡಿಯಂಗಿಲ್ಲ. ಒಬ್ಬರಿಗರ ಹೇಳಿ ಮಕ್ಕೋರಿ. ಮನಿ ಮಾಲಕ್ರು ಇರಬಹುದು, ಬಾಜೂ ಖೋಲಿ ಅಣ್ಣ ಇರಬಹುದು, ಖಾನಾವಳಿ ಅಕ್ಕ ಇರಬಹುದು. "ನನಗ ಜ್ವರ ಬಂದಾವ, ಮುಂಜಾನಿ ಒಮ್ಮೆ ಸಂಜಿಗೊಮ್ಮೆ ಫೋನ್ ಮಾಡ್ರಿ, ಎತ್ತಲಿಲ್ಲಂದ್ರ ಬಂದು ಬಾಗಲ ಬಡೀರಿ" ಅಂತ ಬಾಯಿಬಿಟ್ಟು ಹೇಳ್ರಿ. ಒಳಗಿಂದ ಚಿಲಕ ಹಾಕಬ್ಯಾಡ್ರಿ, ಇಲ್ಲಾಂದ್ರ ಇನ್ನೊಂದು ಕೀಲಿ ಅವರ ಕೈಯಾಗ ಕೊಡ್ರಿ. ಅವ್ವಗ ಹೇಳಿದ್ರ ಗಾಬರಿ ಆಗ್ತಾಳ ಅಂತ ಭಾಳ ಮಂದಿ ಮುಚ್ಚಿಡ್ತಾರ. ಹೇಳ್ರಿ. ಊರಿಂದ ಬಸ್ಸಿನ್ಯಾಗ ಕಂಡಕ್ಟರ್ ಕೈಯಾಗ ಡಬ್ಬಿ ಕಳಿಸ್ತಾಳ, ಬಸ್ ಸ್ಟ್ಯಾಂಡಿಗಿ ಹೋಗಿ ತರೋ ಗೆಳೆಯ ಒಬ್ಬ ಇದ್ರ ಎರಡು ದಿನದ ಊಟದ ಚಿಂತಿ ಹೋತು.

ಜ್ವರ ಬಂದಾಗ

100.4 ಫ್ಯಾರನ್‌ಹೀಟ್ ದಾಟಿದ್ರ ಜ್ವರ ಅಂತ ಲೆಕ್ಕ. ಬಗಲಾಗ ಇಟ್ಟು ನೋಡಿದ್ರ ಬಾಯಿಗಿಂತ ಸುಮಾರು ಒಂದು ಡಿಗ್ರಿ ಕಮ್ಮಿ ತೋರಿಸ್ತದ. ಜ್ವರ ಅನ್ನೋದು ರೋಗಾಣು ಜೋಡಿ ನಮ್ಮ ಮೈಯೇ ಜಗಳಾಡ್ಲಿಕ್ಕ ಹುಟ್ಟಿಸಿದ ಕಾವು, ಅದಕ 100, 101ಕ್ಕೆಲ್ಲ ಹೆದರಿ ಗುಳಿಗಿ ನುಂಗಬೇಕಂತಿಲ್ಲ. ಮೈ ಕೈ ನೋವು, ತಲಿ ಬ್ಯಾನಿ ತಡಿಲಿಕ್ಕ ಆಗವಲ್ದು, ನಿದ್ದಿ ಬರವಲ್ದು ಅಂದಾಗ ಪ್ಯಾರಾಸಿಟಮಾಲ್ 500 ಇಲ್ಲಾ 650 ತಗೋರಿ. ಒಂದಕ್ಕೂ ಇನ್ನೊಂದಕ್ಕೂ ನಡುವ 6 ತಾಸು ಬಿಡ್ರಿ, 24 ತಾಸಿನ್ಯಾಗ 4 ಗುಳಿಗಿ ದಾಟಬ್ಯಾಡ್ರಿ. ತಗೊಂಡ ಟೈಮ್ ಫೋನಿನ್ಯಾಗ ಬರ್ದಿಡ್ರಿ, ಜ್ವರದ ನಶಾದಾಗ ತಗೊಂಡೀನೋ ಇಲ್ಲೋ ಅಂತ ನೆನಪಿರಂಗಿಲ್ಲ. ನೆಗಡಿ ಗುಳಿಗಿ ಅಂತ ಮೆಡಿಕಲ್ಲಿನ್ಯಾಗ ಕೊಡ್ತಾರಲ್ಲ, ಹೆಚ್ಚಿನವ್ರಾಗ ಪ್ಯಾರಾಸಿಟಮಾಲ್ ಕೂಡೇ ಇರ್ತದ, ಅದೂ ಇದೂ ಎರಡೂ ನುಂಗಿದ್ರ ಡೋಸ್ ಡಬಲ್ ಆಗಿ ಲಿವರಿಗಿ ಪೆಟ್ಟು. ದಿನಾ ಕುಡಿಯೋ ಚಟ ಇದ್ದೋರು, ಮೊದಲೇ ಕಾಮಾಲಿ ಆಗಿದ್ದೋರು ಕೇಳದೆ ತಗೋಬ್ಯಾಡ್ರಿ.

ಮೈ ನೋವಿಗಿ ಅಂತ ಬ್ರೂಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಮುಟ್ಟಬ್ಯಾಡ್ರಿ, ಯಾಕಂದ್ರ ಈ ಜ್ವರ ಡೆಂಗಿ ಇರಬಹುದು, ಡೆಂಗಿದಾಗ ಈ ಗುಳಿಗಿ ತಗೊಂಡ್ರ ರಕ್ತ ಸೋರೋದು ಹೆಚ್ಚಾಗ್ತದ. ನೀರು ತುಂಬಿಟ್ಟ ಡ್ರಮ್ಮಿನ್ಯಾಗೇ ಡೆಂಗಿ ಸೊಳ್ಳಿ ತತ್ತಿ ಇಡ್ತದ, ಎಂಟ್ಹತ್ತು ದಿನದಾಗ ಮರಿ ಸೊಳ್ಳಿ ಹಾರ್ತದ, ಹಗಲಿನ್ಯಾಗೇ ಕಡಿತದ, ಅದಕ ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ ತಿಕ್ಕಿ ತೊಳಿಬೇಕು, ಮ್ಯಾಲ ಅರಿವಿ ಕಟ್ಟಬೇಕು. ಡೆಂಗಿ ವಿಷಯದಾಗ ಒಂದು ಮಾತು ಗಟ್ಟಿ ನೆನಪಿಡ್ರಿ: ಜ್ವರ ಇಳೀತು, ಆರಾಮ ಆತು ಅಂತ ಅನಿಸೋ ಹೊತ್ತೇ ಅದ್ರಾಗ ಅಪಾಯದ ಹೊತ್ತು, ಮೂರನೇ ದಿನದಿಂದ ಏಳನೇ ದಿನದ ನಡುವ. ಜ್ವರ ಇಳಿದ ಮ್ಯಾಲ ಹೊಟ್ಟಿ ನೋವು ಜೋರಾದ್ರ, ವಾಂತಿ ನಿಂದ್ರಲಿಲ್ಲಂದ್ರ, ಒಸಡಿನ್ಯಾಗ ಮೂಗಿನ್ಯಾಗ ರಕ್ತ ಬಂದ್ರ, ಕೈ ಕಾಲು ತಣ್ಣಗಾಗಿ ಮಂಪರು ಹತ್ತಿದ್ರ ಆ ಕ್ಷಣಕ್ಕೇ ದವಾಖಾನಿ. ಎರಡು ದಿನ ಜ್ವರ ಬಿಡ್ಲಿಲ್ಲ ಅಂದ್ರ ರಕ್ತ ಚೆಕ್ ಮಾಡಿಸ್ರಿ. ಡೆಂಗಿ ಹಿಡಿಯೋ ಎನ್‌ಎಸ್1 ಅನ್ನೋ ಟೆಸ್ಟ್ ಮೊದಲ ಐದು ದಿನದಾಗೇ ಸರಿ ಬರ್ತದ. ಪಪ್ಪಾಯಿ ಎಲಿ ರಸ ಭಾಳ ಮಂದಿ ಕುಡಿಸ್ತಾರ, ಅದರ ಮ್ಯಾಲೇ ನಂಬಿಕಿ ಇಟ್ಟು ಟೆಸ್ಟ್ ಬಿಡಬ್ಯಾಡ್ರಿ, ಡೆಂಗಿದಾಗ ಜೀವ ಕಾಯೋದು ನೀರು ಮತ್ತ ಹೊತ್ತಿಗಿ ಸರಿಯಾಗಿ ಡಾಕ್ಟರ್ ನೋಡೋದು.

ಚಳಿ ಬಂದಾಗ ಹೊತ್ಕೋರಿ, ಚಳಿ ಹೋಗಿ ಮೈ ಕಾದಾಗ ತೆಗೀರಿ. ಬೆವರು ಬರ್ಲಿ ಅಂತ ಎರಡು ಕಂಬಳಿ ಹೊತ್ಕೊಂಡು ಕಿಟಕಿ ಮುಚ್ಕೊಂಡು ಕುಂದ್ರೋದು ಬ್ಯಾಡ. ಉಗುರು ಬೆಚ್ಚಗಿನ ನೀರಾಗ ಅರಿವಿ ಎದ್ದಿ ಹಿಂಡಿ ಹಣಿ, ಕುತ್ತಿಗಿ, ಬಗಲ ಒರೆಸ್ರಿ. ಬರ್ಫ್ ನೀರು ಬ್ಯಾಡ, ನಡುಗು ಹುಟ್ಟಿ ಕಾವು ಇನ್ನೂ ಏರ್ತದ. ಮೈ ತೊಳಿಬಾರ್ದು ಅಂತಾರ ನಮ್ಮ ಕಡಿ, ಆದ್ರ ಬೆಚ್ಚಗಿನ ನೀರಾಗ ಮೈ ಒರೆಸ್ಕೊಂಡು ಅರಿವಿ ಬದಲಿ ಮಾಡಿದ್ರ ಏನೂ ಆಗಂಗಿಲ್ಲ, ಅರ್ಧ ಜಡ್ಡು ಹೋದಂಗ ಅನಿಸ್ತದ, ನಿದ್ದಿನೂ ಬರ್ತದ.

ಎಪ್ರಿಲ್, ಮೇ ತಿಂಗಳದಾಗ ಮಾತ್ರ ಲೆಕ್ಕ ಬ್ಯಾರೆ. ನಮ್ಮ ಬಿಸಲು ನಿಮಗ ಗೊತ್ತೇ ಅದ, 42, 43 ದಾಟ್ತದ, ಸರ್ಕಾರಿ ಆಫೀಸೇ ಮುಂಜಾನಿ 8ಕ್ಕ ಶುರು ಮಾಡಿ ಮಧ್ಯಾಹ್ನ ಮುಚ್ತಾರ. ಬಿಸಲಿನ್ಯಾಗ ತಿರುಗಿ ಬಂದ ಮ್ಯಾಲ ಮೈ ಬೆಂಕಿ ಆಗಿ, ತಲಿ ತಿರುಗಿ, ಮಾತು ತೊದಲಿದ್ರ ಅದು ಝಳ ಬಡದದ್ದು, ಅದಕ ಪ್ಯಾರಾಸಿಟಮಾಲ್ ಕೆಲಸ ಮಾಡಂಗಿಲ್ಲ. ನೆರಳಿಗಿ ಒಯ್ದು, ಅರಿವಿ ಸಡಿಲ ಮಾಡಿ, ಮೈ ತುಂಬ ತಣ್ಣೀರು ಸುರದು ಫ್ಯಾನ್ ಹಚ್ಚಿ, 108ಕ್ಕ ಫೋನ್ ಮಾಡ್ಬೇಕು. ಎಚ್ಚರ ಇಲ್ಲದವ್ರ ಬಾಯಾಗ ನೀರು ಹಾಕಬಾರ್ದು. ಕಿಸೆದಾಗ ಉಳ್ಳಾಗಡ್ಡಿ ಇಟ್ಕೊಂಡು ಅಡ್ಡಾಡೋ ಹಿರಿಯಾರು ಇನ್ನೂ ಅದಾರ, ಇಟ್ಕೋರಿ, ಸಂಗಡ ನೀರಿನ ಬಾಟ್ಲಿನೂ ಇಟ್ಕೋರಿ. ಮಣ್ಣಿನ ಗಡಿಗಿ ನೀರು, ಉಪ್ಪು ಹಾಕಿದ ನೀರ ಮಜ್ಜಿಗಿ, ಸುಟ್ಟ ಮಾವಿನಕಾಯಿ ಪಾನಕ, ಈ ಮೂರೂ ಬ್ಯಾಸಿಗ್ಯಾಗ ಔಷಧನೇ.

ನೆಗಡಿ, ಕೆಮ್ಮು, ಗಂಟಲ

ನೆಗಡಿಗಿ ಔಷಧ ಇಲ್ಲ, ಅದು ತನ್ನ ಟೈಮ್ ತಗೊಂಡು ಹೋಗ್ತದ, ಸುಮಾರು ಒಂದು ವಾರ. ಅಲ್ಲಿತನಕ ಆರಾಮ ಕೊಡೋ ಕೆಲಸ ಮಾತ್ರ ನಮ್ಮದು. ಒಂದು ಗಿಲಾಸ ಬೆಚ್ಚಗಿನ ನೀರಿಗಿ ಅರ್ಧ ಚಮಚಾ ಉಪ್ಪು ಹಾಕಿ ಗಂಟಲಾಗ ಗುಳುಗುಳು ಮಾಡಿ ಉಗುಳ್ರಿ, ದಿನಕ್ಕ ಮೂರ್ನಾಕು ಸರ್ತಿ. ರಾತ್ರಿ ಕೆಮ್ಮಿಗಿ ಮಕ್ಕೊಳ್ಳೋ ಮುಂದ ಒಂದು ಚಮಚಾ ಜೇನು ನೆಕ್ರಿ, ಗಂಟಲಿಗಿ ಮೆತ್ತಗ ಅಂಟಿ ಕೆಮ್ಮು ತಡಿತದ. ಒಂದು ವರ್ಷದೊಳಗಿನ ಕೂಸಿಗಿ ಮಾತ್ರ ಜೇನು ಕೊಡಬಾರ್ದು. ಹಬೆ ತಗೊಳ್ಳುವಾಗ ಕುದಿಯೋ ಭಾಂಡಿ ತೊಡಿ ಮ್ಯಾಲ ಇಟ್ಕೋಬ್ಯಾಡ್ರಿ, ಜ್ವರದಾಗ ಕೈ ನಡುಗಿ ಚೆಲ್ಲಿ ಸುಟ್ಟುಕೊಂಡೋರು ಅದಾರ. ನೆಲದ ಮ್ಯಾಲ ಇಟ್ಟು, ಟಾವೆಲ್ ಹೊತ್ತು, ಸ್ವಲ್ಪ ದೂರದಿಂದ ತಗೋರಿ. ವಿಕ್ಸ್ ಎದಿಗಿ ಹಚ್ರಿ, ಮೂಗಿನ ಒಳಗ ಬ್ಯಾಡ.

ಕಷಾಯಕ್ಕ ಹೆಬ್ಬಟ್ಟಿನ ತುದಿಯಷ್ಟು ಹಸಿ ಶುಂಠಿ, ನಾಕೈದು ಮೆಣಸು ಕಾಳು ಕುಟ್ಟಿ, ಅರ್ಧ ಚಮಚಾ ಜೀರಿಗಿ, ಚಿಟಿಕಿ ಅಜವಾನ, ಸಿಕ್ರ ಐದಾರು ತುಳಸಿ ಎಲಿ, ಒಂದೂವರಿ ಗಿಲಾಸ ನೀರಿಗಿ ಹಾಕಿ ಒಂದು ಗಿಲಾಸ ಆಗೋತನಕ ಕುದಿಸಿ, ಬೆಲ್ಲ ಹಾಕಿ ಸೋಸ್ರಿ. ಮುಂಜಾನೊಮ್ಮೆ ಸಂಜಿಗೊಮ್ಮೆ ಸಾಕು, ಖಾಲಿ ಹೊಟ್ಟ್ಯಾಗ ನಾಕೈದು ಸರ್ತಿ ಕುಡಿದ್ರ ಎದಿ ಉರಿತದ. ಚಾ ಬೇಕೇ ಬೇಕಂದ್ರ ಹಾಲಿಲ್ಲದ ಸುಲೇಮಾನಿ ಚಾ ಮಾಡ್ಕೋರಿ, ಲಿಂಬಿ ಹಿಂಡ್ರಿ. ರಾತ್ರಿ ಅರಿಷಿಣ ಹಾಲು ಕುಡಿಯೋ ರೂಢಿ ಇದ್ರ ಕುಡೀರಿ, ಜುಲಾಬು ಇದ್ದಾಗ ಮಾತ್ರ ಹಾಲು ಬ್ಯಾಡ.

ಅಜಿತ್ರೋಮೈಸಿನ್ ಮೂರು ಗುಳಿಗಿ ಪಟ್ಟಿ ಮೆಡಿಕಲ್ಲಿನ್ಯಾಗ ಕೇಳಿ ತಗೊಂಡು ನುಂಗೋದು ನಮ್ಮ ಊರಾಗ ಎಲ್ಲಾರಿಗೂ ಚಟ ಆಗ್ಯದ. ನೆಗಡಿ ವೈರಸ್ಸಿಂದ ಬರ್ತದ, ಈ ಗುಳಿಗಿ ಬ್ಯಾಕ್ಟೀರಿಯಾಕ್ಕ. ಬ್ಯಾಡಾದಾಗ ನುಂಗಿದ್ರ ಮುಂದ ಟೈಫಾಯ್ಡ್, ನ್ಯುಮೋನಿಯಾ ನಿಜವಾಗ್ಲೂ ಬಂದಾಗ ಇದು ಹತ್ತಂಗಿಲ್ಲ. ಡಾಕ್ಟರ್ ಬರ್ದು ಕೊಟ್ಟಾಗ ಎಷ್ಟು ದಿನ ಅಂತ ಹೇಳ್ಯಾರೋ ಅಷ್ಟೂ ದಿನ ತಗೋರಿ, ಅಷ್ಟೇ.

ರೂಮ್‌ಮೇಟ್ ಇದ್ರ ಮಾಸ್ಕ್ ಹಾಕ್ಕೋರಿ, ಗಿಲಾಸ, ಟಾವೆಲ್ ಬ್ಯಾರೆ ಇಟ್ಕೋರಿ. ದೇಶದಾಗ ಕೊರೋನಾದ ಮೊದಲ ಸಾವು ನಮ್ಮ ಕಲಬುರಗಿದಾಗೇ ಆತು, 2020ರ ಮಾರ್ಚ್ 10ಕ್ಕ, ಆ ದಿನದ ಭಯ ಈ ಊರಾಗ ಇದ್ದೋರ್ಯಾರೂ ಮರ್ತಿಲ್ಲ. ಅವಾಗ ತಂದ, ರಕ್ತದಾಗಿನ ಆಕ್ಸಿಜನ್ ತೋರಿಸೋ ಆಕ್ಸಿಮೀಟರ್ ಯಾರದರ ಮನ್ಯಾಗ ಬಿದ್ದಿರ್ತದ, ಕೆಮ್ಮು ದಮ್ಮು ಇದ್ದಾಗ ಇಸ್ಕೊಂಡು ನೋಡ್ರಿ, ಸುಮ್ಮ ಕುಂತಾಗ 94ಕ್ಕಿಂತ ಕೆಳಗ ತೋರಿಸಿದ್ರ ಖೋಲ್ಯಾಗ ಕುಂದ್ರಬ್ಯಾಡ್ರಿ.

ಏನ್ ತಿನ್ನಬೇಕು

ಹಸಿವಿಲ್ಲ ಅಂದ್ರ ಒತ್ತಾಯ ಮಾಡಿ ಊಟ ಮಾಡೋ ಅವಶ್ಯಕತಿ ಇಲ್ಲ, ಆದ್ರ ಕುಡಿಯೋ ಊಟ ಬಿಡಬ್ಯಾಡ್ರಿ. ನಮ್ಮ ಕಡಿ ಇದಕ ಜ್ವಾಳದ ಅಂಬಲಿಗಿಂತ ಛಲೋದು ನಾ ಕಂಡಿಲ್ಲ. ಎರಡು ದೊಡ್ಡ ಚಮಚಾ ಜ್ವಾಳದ ಹಿಟ್ಟು ಅರ್ಧ ಗಿಲಾಸ ತಣ್ಣೀರಾಗ ಗಂಟಿಲ್ದಂಗ ಕಲಸ್ರಿ. ಎರಡು ಗಿಲಾಸ ನೀರು ಕುದಿಲಿಕ್ಕ ಇಟ್ಟು, ಕುದಿ ಬಂದ ಮ್ಯಾಲ ಇದನ್ನ ಸುರ್ಕೋತ ತಿರುಗಿಸ್ರಿ, ಸಣ್ಣ ಉರಿ ಮ್ಯಾಲ ಎಂಟ್ಹತ್ತು ನಿಮಿಷ ಕೈ ಬಿಡದೆ ತಿರುಗಿಸಿದ್ರ ಹಸಿ ವಾಸನಿ ಹೋಗಿ ಮಿರುಗು ಬರ್ತದ. ಉಪ್ಪು ಹಾಕ್ರಿ. ಆರಿದ ಮ್ಯಾಲ ಮಜ್ಜಿಗಿ ಕೂಡಿಸಿ, ಜೀರಿಗಿ ಜಜ್ಜಿ ಹಾಕಿ, ನಾಲಗಿಗಿ ರುಚಿ ಬೇಕಂದ್ರ ಒಂದು ಎಸಳು ಬಳ್ಳೊಳ್ಳಿ ಜಜ್ಜಿ ಹಾಕ್ರಿ. ನೀರು, ಉಪ್ಪು, ಹಿಟ್ಟು ಮೂರೂ ಒಂದೇ ಗಿಲಾಸಿನ್ಯಾಗ ಹೊಟ್ಟಿಗಿ ಹೋಗ್ತಾವ. ಗಂಟಲ ನೋವಿದ್ರ ಮಜ್ಜಿಗಿ ಬಿಟ್ಟು ಬೆಚ್ಚಗೇ ಕುಡೀರಿ.

ಎರಡನೇದು ಬ್ಯಾಳಿ ಕಟ್ಟು. ತೊಗರಿ ನಮ್ಮ ನೆಲದ್ದು, 2019ರಾಗ ಜಿಐ ಟ್ಯಾಗೂ ಸಿಕ್ಕದ, ಜಡ್ಡಿನ್ಯಾಗ ಅದರ ತಿಳಿ ನೀರು ಎಷ್ಟು ಉಪಯೋಗ ಅಂತ ನಮ್ಮ ಆಯಿಗೋಳಿಗಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಹಿಡಿ ಬ್ಯಾಳಿ, ನಾಕು ಗಿಲಾಸ ನೀರು, ಚಿಟಿಕಿ ಅರಿಷಿಣ ಹಾಕಿ ಕುಕ್ಕರಿನ್ಯಾಗ ನಾಕೈದು ಸೀಟಿ ಹೊಡಿಸಿ, ಮ್ಯಾಲಿನ ತಿಳಿ ಬಸಿದು, ಉಪ್ಪು, ಮೆಣಸು ಕಾಳಿನ ಪುಡಿ ಚೂರು, ಜೀರಿಗಿ, ಬಳ್ಳೊಳ್ಳಿ ಒಗ್ಗರಣಿ ಕೊಡ್ರಿ. ಖಾರ ಹಾಕಬ್ಯಾಡ್ರಿ, ನಮ್ಮ ಮಂದಿಗಿ ಖಾರ ಇಲ್ದೆ ನಡಿಯಂಗಿಲ್ಲ ಅಂತ ಗೊತ್ತದ, ಎರಡು ದಿನ ತಡೀರಿ. ಒಲಿ ಇಲ್ಲ ಅಂದ್ರ ಖಾನಾವಳ್ಯಾಗ ಕೇಳ್ರಿ, "ಅಕ್ಕ, ಜ್ವರ ಬಂದಾವ, ಒಗ್ಗರಣಿ ಹಾಕೋದಕ್ಕಿಂತ ಮೊದಲು ಒಂದು ಬಟ್ಟಲ ಕಟ್ಟು ತೆಗೆದಿಡ್ರಿ" ಅಂದ್ರ ಇಲ್ಲ ಅನ್ನೋ ಅಕ್ಕಗೋಳನ್ನ ನಾ ನೋಡಿಲ್ಲ. ಬರೇ ಬಿಸಿನೀರಿನ ಕೆಟಲ್ ಇದ್ರ ತೆಳ್ಳಗ ಅವಲಕ್ಕಿ ಬಿಸಿನೀರಾಗ ನೆನೆಸಿ ಉಪ್ಪು ಮಜ್ಜಿಗಿ ಹಾಕ್ಕೋರಿ.

ಹಸಿವು ಹುಟ್ಟಿದ ಮ್ಯಾಲ ಹೆಸರು ಬ್ಯಾಳಿ ಕಿಚಡಿ ಮೆತ್ತಗ, ಮೊಸರನ್ನ, ಬಾಳೆಹಣ್ಣು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಮಿರ್ಚಿ ಭಜಿ, ಬಿರ್ಯಾನಿ ಇವೆಲ್ಲ ಒಂದು ವಾರ ದೂರ ಇರ್ಲಿ, ಬಿಸಿ ಜ್ವಾಳದ ರೊಟ್ಟಿ ಹಾಲಿನ್ಯಾಗ ಇಲ್ಲಾ ಬ್ಯಾಳ್ಯಾಗ ನೆನೆಸಿ ತಿಂದ್ರ ನಡಿತದ.

ಹಾಸಿಗಿ ಮತ್ತ ಮನಸ್ಸು

ಜಡ್ಡಿನ್ಯಾಗ ಹಾಸಿಗಿನೇ ಮನಿ ಆಗ್ತದ, ಅದನ್ನ ಚಂದ ಮಾಡ್ಕೋರಿ. ಕೈಗಿ ಸಿಗೋವಂಗ ಎಡಕ್ಕೋ ಬಲಕ್ಕೋ ಒಂದು ಸ್ಟೂಲ್, ಅದರ ಮ್ಯಾಲ ನೀರಿನ ಬಾಟ್ಲಿ, ಗುಳಿಗಿ, ಥರ್ಮಾಮೀಟರ್, ಚಾರ್ಜರ್, ಬ್ಯಾಟ್ರಿ, ಕೆಳಗ ವಾಂತಿಗಿ ಒಂದು ಬಕೀಟು. ದಿಂಬಿನ ಕವರ್ ದಿನಾ ಬದಲಿ ಮಾಡ್ರಿ, ಇಲ್ಲಂದ್ರ ಬೆವರಿನ ವಾಸನಿಗೇ ತಲಿ ಹಿಡಿತದ. ಊರಿಂದ ಕೌದಿ ತಂದಿದ್ರ ಅದನ್ನೇ ಹೊತ್ಕೋರಿ, ಆಯಿ ಹಳೆ ಸೀರಿ ಕೂಡಿಸಿ ಹೊಲಿದ ಹತ್ತಿ ಕೌದಿ ಬೆವರು ಹೀರ್ತದ, ಚಳಿನೂ ತಡಿತದ, ಅಂಗಡ್ಯಾಗಿನ ನೈಲಾನ್ ಬ್ಲಾಂಕೆಟ್ ಒಳಗ ಮೈ ಬೇಯ್ತದ. ಒಡೆದ ತುಟಿಗಿ ತುಪ್ಪ, ಅಂಗಾಲಿಗಿ ಕೊಬ್ಬರಿ ಎಣ್ಣಿ. ಫೋನ್ ನೋಡ್ಕೋತ ಮಕ್ಕೋಬ್ಯಾಡ್ರಿ, ಕಣ್ಣು ಉರಿತಾವ, ನಿದ್ದಿ ಹಾರ್ತದ, ಹಾಡು ಹಚ್ಚಿ ಸ್ಕ್ರೀನ್ ಬೋರಲ ಇಡ್ರಿ.

ಶರಣಬಸವೇಶ್ವರ ಗುಡಿ ಅಂಗಾರ ಹಣಿಗಿ ಹಚ್ಚೋರು ಅದಾರ, ಬಂದೇ ನವಾಜರ ದರ್ಗಾಕ್ಕ ಹೋಗಿ ಊದಿಸ್ಕೊಂಡು ಬರೋರು ಅದಾರ, ಅವ್ವ ದೃಷ್ಟಿ ತೆಗಿತಾಳ. ಮನಸ್ಸಿಗಿ ಧೈರ್ಯ ಬರ್ತದ ಅಂದ್ರ ಮಾಡ್ಸ್ಕೋರಿ, ಜ್ವರ ಬಂದವ್ರಿಗಿ ಯಾರರ ಹಣಿ ಮುಟ್ಟಿದ್ರ ಸಿಗೋ ಸಮಾಧಾನ ಸಣ್ಣದಲ್ಲ. ಗುಳಿಗಿ, ನೀರು, ಟೆಸ್ಟ್ ಇವು ಮಾತ್ರ ಅದರ ಸಂಗಡ ನಡಿಲಿ.

ಖೋಲಿ ಬಿಟ್ಟು ಏಳೋ ಹೊತ್ತು

ಇವು ಕಂಡ್ರ ಮನಿ ಮದ್ದು ಸಾಕು ಮಾಡ್ರಿ. ಜ್ವರ 103, 104 ಏರಿ ಇಳಿವಲ್ದು, ಇಲ್ಲಾ ಮೂರು ದಿನ ದಾಟ್ಯದ. ಉಸಿರಾಟ ತ್ರಾಸ ಆಗ್ತದ, ಎದಿ ನೋವು. ಕುತ್ತಿಗಿ ಬಗ್ಗಿಸ್ಲಿಕ್ಕ ಬರವಲ್ದು, ಬೆಳಕು ನೋಡಿದ್ರ ತಲಿ ಸಿಡಿತದ. ಮೈ ಮ್ಯಾಲ ಕೆಂಪು ನೀಲಿ ಚುಕ್ಕಿ. ಸಂಡಾಸದಾಗ ರಕ್ತ ಇಲ್ಲಾ ಡಾಂಬರದಂಥಾ ಕಪ್ಪು. ಕಣ್ಣು ಹಳದಿ. ಮಾತು ಗಲಿಬಿಲಿ. ಬಸುರಿದ್ದೋರು, ಸಕ್ರಿ ಕಾಯಿಲಿ ಇದ್ದೋರು ಇಷ್ಟೂ ಕಾಯಬ್ಯಾಡ್ರಿ, ಮೊದಲ ದಿನವೇ ತೋರಿಸ್ರಿ. ಸೇಡಂ ರೋಡಿನ ಜಿಮ್ಸ್ ಸರ್ಕಾರಿ ದವಾಖಾನ್ಯಾಗ ಎಮರ್ಜೆನ್ಸಿ ರಾತ್ರಿ ಹಗಲು ನಡಿತದ, 108 ಪುಕ್ಕಟ. ತಾವೇ ಗಾಡಿ ಹೊಡ್ಕೊಂಡು ಹೋಗಬ್ಯಾಡ್ರಿ. ಆಧಾರ್, ಫೋನ್ ಚಾರ್ಜರ್, ತಗೊಂಡ ಗುಳಿಗಿ ಪಟ್ಟಿ, ಜ್ವರ ಬರ್ದಿಟ್ಟ ಲೆಕ್ಕ ಸಂಗಡ ಒಯ್ರಿ.

ಆರಾಮ ಆದ ಮ್ಯಾಲೂ ಒಂದು ವಾರ ನಿತ್ರಾಣ ಇರ್ತದ, ಮೊದಲ ದಿನವೇ ಕ್ರಿಕೆಟ್, ಜಿಮ್ ಅಂತ ಹೋಗಬ್ಯಾಡ್ರಿ, ನೀರು ಮಾತ್ರ ಮುಂದುವರಿಸ್ರಿ. ಹಾಸಿಗಿ, ದಿಂಬು ಬಿಸಲಿಗಿ ಹಾಕ್ರಿ, ಹಲ್ಲಿನ ಬ್ರಶ್ ಬದಲಿ ಮಾಡ್ರಿ, ಡಬ್ಬ್ಯಾಗ ಖರ್ಚಾದ ಓಆರ್‌ಎಸ್, ಗುಳಿಗಿ ತಂದು ತುಂಬಿಡ್ರಿ. ಮತ್ತ ಕೆಮ್ಮು ಎರಡು ವಾರ ದಾಟಿನೂ ನಿಂತಿಲ್ಲ, ಸಂಜಿಗಿ ಸಣ್ಣಗ ಮೈ ಕಾಯ್ತಾವ, ತೂಕ ಇಳಿದದ ಅಂದ್ರ ಕಫದ ಟೆಸ್ಟ್ ಮಾಡಿಸ್ರಿ, ಸರ್ಕಾರಿ ದವಾಖಾನ್ಯಾಗ ಪುಕ್ಕಟ ಮಾಡ್ತಾರ. ಟಿಬಿ ಅಂತ ಬಂದ್ರೂ ಔಷಧಾನೂ ಪುಕ್ಕಟ, ಸಾಮಾನ್ಯವಾಗಿ ಆರು ತಿಂಗಳು ನಡು ನಡುವ ಬಿಡದೆ ತಗೊಂಡ್ರ ಪೂರಾ ಹೋಗ್ತದ.